ಚೆಂಡೆಯ ಪಕ್ಕದಲ್ಲಿ ಕಿವಿ ಉಳಿಸಿಕೊಳ್ಳುವುದು ಹೇಗೆ?

ಆಟ ಮುಗಿಸಿ ಬಂದು ಮಲಗಿದರೆ ಕಿವಿಯೊಳಗೆ ಜೀರುಂಡೆ ಕೂಗಿದಂತಾಗುವುದು ಯಕ್ಷಗಾನದಲ್ಲಿ ಹಾಡುವ, ನುಡಿಸುವ ಹಿಮ್ಮೇಳದವರಿಗೆ ಹೊಸತಲ್ಲ. ‘ನಾಳೆಗೆ ಸರಿಹೋಗ್ತದೆ’ ಎನ್ನುತ್ತಾರೆ. ಹೋಗುತ್ತದೆ ಕೂಡ, ಹೋಗದೇ ಉಳಿಯುವ ದಿನ ಬರುವವರೆಗೆ. ಒಳಕಿವಿಯಲ್ಲಿ ಶಬ್ದವನ್ನು ಗ್ರಹಿಸುವ ರೋಮಕೋಶಗಳು ಸತ್ತರೆ ಮತ್ತೆ ಹುಟ್ಟುವುದಿಲ್ಲ. ಅಪಾಯ ಚೆಂಡೆಗಾರರಿಗೆ ಮಾತ್ರವಲ್ಲ, ಹತ್ತಿರದಲ್ಲೇ ಇರುವ ಮದ್ದಳೆಗಾರರಿಗೆ, ಹಾಡುವ ಭಾಗವತರಿಗೆ ಕೂಡ.

ತಿರುಗಾಟಕ್ಕೆ ಮುನ್ನ ಪರೀಕ್ಷೆ

ಮೇಳ ಹೊರಡುವ ಮೊದಲು ಒಂದು ಆಡಿಯೋಗ್ರಾಂ, ಅಂದರೆ ಕಿವಿ ಎಷ್ಟು ಕೇಳುತ್ತದೆಂದು ಅಳೆಯುವ ಪರೀಕ್ಷೆ, ಮಾಡಿಸಿ. ತಿರುಗಾಟ ಮುಗಿಯುವ ಪತ್ತನಾಜೆಗೆ ಗೆಜ್ಜೆ ಬಿಚ್ಚಿ ಎರಡು ದಿನ ಕಿವಿಗೆ ವಿಶ್ರಾಂತಿ ಕೊಟ್ಟು ಇನ್ನೊಂದು. ಎರಡೂ ಚೀಟಿ ಜೋಪಾನ. ದೊಡ್ಡ ಸದ್ದಿನ ಹೊಡೆತ ಸಾಮಾನ್ಯವಾಗಿ ಮೊದಲು ಬೀಳುವುದು 3,000ರಿಂದ 6,000 ಹರ್ಟ್ಸ್ ನಡುವೆ. ಮನೆಯಲ್ಲಿ ಆಡುವ ಮಾತು ಸರಿಯಾಗಿಯೇ ಕೇಳುವುದರಿಂದ ನಷ್ಟ ಗೊತ್ತಾಗುವುದಿಲ್ಲ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಈ ಪರೀಕ್ಷೆ ಇದೆ. ಅಷ್ಟು ದೂರ ಬೇಡವೆಂದರೆ ಆಡಿಯಾಲಜಿಸ್ಟ್ ಇರುವ ಇಎನ್‌ಟಿ ಆಸ್ಪತ್ರೆ ಸಾಕು.

ಸದ್ದಿಗೊಂದು ಲೆಕ್ಕ

ಮೊಬೈಲಿನ ಡೆಸಿಬಲ್ ಆ್ಯಪ್ ಅಷ್ಟು ಕರಾರುವಾಕ್ಕಲ್ಲ, ಆದರೂ ಅಂದಾಜಿಗೆ ಸಾಕು. ನೀವು ಕೂರುವ ಜಾಗದಲ್ಲೇ ಅಳೆಯಿರಿ. ದುಡಿಯುವವರ ಸುರಕ್ಷತೆ, ಆರೋಗ್ಯ ನೋಡುವ ಅಮೆರಿಕದ ನಿಯೋಶ್ ಸಂಸ್ಥೆಯ ಸೂತ್ರದಂತೆ ದಿನಕ್ಕೆ 85 ಡೆಸಿಬಲ್‌ನಲ್ಲಿ 8 ಗಂಟೆ ಇರಬಹುದು. ಪ್ರತಿ 3 ಡೆಸಿಬಲ್ ಏರಿದಾಗ ಸಮಯ ಅರ್ಧಕ್ಕಿಳಿಯುತ್ತದೆ: 88ಕ್ಕೆ 4 ಗಂಟೆ, 94ಕ್ಕೆ ಒಂದು ಗಂಟೆ, 100ಕ್ಕೆ ಬರೀ 15 ನಿಮಿಷ. ಒಂದು ಯುದ್ಧದ ಸನ್ನಿವೇಶಕ್ಕೇ ಅದು ಸಾಲದು! ರಾತ್ರಿಯಿಡೀ ಆಡದೆ ಕೆಲವೇ ಗಂಟೆಗಳಲ್ಲಿ ಮುಗಿಸುವ ಕಾಲಮಿತಿ ಆಟ ಕಲೆಗೆ ಒಳ್ಳೆಯದೋ ಕೆಟ್ಟದ್ದೋ ಎಂಬ ಚರ್ಚೆ ಬೇರೆ, ಕಿವಿಗಂತೂ ಒಳ್ಳೆಯದೇ.

ಅಳೆದಾದ ಮೇಲೆ ಮೈಕ್ ಸೆಟ್‌ನವರ ಜತೆ ಮಾತಾಡಿ. ಮಾನಿಟರ್ ಬಾಕ್ಸ್ ನೇರವಾಗಿ ಕಿವಿಗೆ ಮುಖ ಮಾಡಿರಬಾರದು. ಒಬ್ಬರು ವಾಲ್ಯೂಮ್ ಏರಿಸಿದರೆಂದು ಇನ್ನೊಬ್ಬರೂ ಏರಿಸುವ ಪೈಪೋಟಿ ನಿಂತರೆ ಅರ್ಧ ಕೆಲಸ ಆಯಿತು. ಪಾಳಿ ಮುಗಿದವರು ರಂಗಸ್ಥಳದ ಹಿಂದೆಯೇ ಕೂತು ಹರಟುವ ಬದಲು ದೂರ ಹೋಗಲಿ.

ಹತ್ತಿ ಬೇಡ, ಫಿಲ್ಟರ್ ಇರಲಿ

ಕಿವಿಗೆ ಹತ್ತಿ ತುರುಕಿದರೆ ಹೆಚ್ಚೇನೂ ಪ್ರಯೋಜನವಿಲ್ಲ. ಕಾರ್ಖಾನೆಯ ಫೋಮ್ ಪ್ಲಗ್ ಸದ್ದು ತಗ್ಗಿಸುತ್ತದೆ, ಆದರೆ ಮೇಲಿನ ಕಂಪನಗಳನ್ನು ಹೆಚ್ಚು ನುಂಗುವುದರಿಂದ ತಾಳದ ಕಿಣಿ ಮಂಕಾಗುತ್ತದೆ. ಸಂಗೀತಗಾರರಿಗೆಂದೇ ಇರುವ ಪ್ಲಗ್‌ಗಳು ಎಲ್ಲ ಶ್ರುತಿಗಳನ್ನೂ ಹೆಚ್ಚುಕಡಿಮೆ ಸಮನಾಗಿ ತಗ್ಗಿಸುತ್ತವೆ. ಸರಿಯಾಗಿ ಕೂತ 15 ಡೆಸಿಬಲ್ ಫಿಲ್ಟರ್, 100 ಇದ್ದದ್ದನ್ನು 85ಕ್ಕೆ ತರುತ್ತದೆ. ಅಂದರೆ 15 ನಿಮಿಷದ ಜಾಗದಲ್ಲಿ 8 ಗಂಟೆ. ಭಾಗವತರಿಗೆ ಮಾತ್ರ ತಮ್ಮ ದನಿಯೇ ತಲೆಯೊಳಗೆ ಗುಂಯ್‌ಗುಟ್ಟಿದಂತಾಗಿ ಕಿರಿಕಿರಿ. ಕಿವಿಯ ಅಚ್ಚು ತೆಗೆಸಿ, ಆಳಕ್ಕೆ ಕೂರುವಂತೆ ಮಾಡಿಸಿದರೆ ಅದು ಕಡಿಮೆ. ಮೊದಲು ಮನೆಯ ಅಭ್ಯಾಸದಲ್ಲಿ ಹಾಕಿಕೊಂಡು ಒಗ್ಗಿಸಿಕೊಳ್ಳಿ, ನೇರ ರಂಗಸ್ಥಳದಲ್ಲಿ ಪ್ರಯೋಗ ಬೇಡ.

ಮೊರೆತ ಬಂದೇಬಿಟ್ಟರೆ

ಬೆಳ್ಳುಳ್ಳಿ ಎಣ್ಣೆ ಬಿಡಬೇಡಿ. ಗುಗ್ಗೆ (ಕಿವಿಯ ಮೇಣ) ಕಟ್ಟಿಕೊಂಡಿರಬಹುದು, ಯಾವುದೋ ಔಷಧದ ಪರಿಣಾಮವೂ ಇರಬಹುದು. ವೈದ್ಯರು ಮೊದಲು ಅದನ್ನೇ ನೋಡುತ್ತಾರೆ. ಟಿನ್ನಿಟಸ್ ಎಂದು ಕರೆಯುವ ಈ ಮೊರೆತವನ್ನು ಪೂರ್ತಿ ನಿಲ್ಲಿಸುವ ಮಾತ್ರೆ ಇಲ್ಲ, ಇದೆಯೆಂದು ಮಾರುವವರು ಬಹಳ. ನಿಶ್ಶಬ್ದದಲ್ಲಿ ಮೊರೆತ ದೊಡ್ಡದಾಗಿ ಕೇಳುವುದರಿಂದ ರಾತ್ರಿ ಫ್ಯಾನ್ ಅಥವಾ ಮಳೆಯ ಸದ್ದನ್ನು ಮೊರೆತಕ್ಕಿಂತ ತುಸು ತಗ್ಗಿಸಿ ಇಟ್ಟುಕೊಳ್ಳಿ. ಅದು ಯಾವ ಸ್ವರ ಎಂದು ಹುಡುಕುತ್ತಾ ಕೂರುವ ಚಟ ಸಂಗೀತಗಾರರಿಗೇ ಹೆಚ್ಚು. ಗಮನ ಕೊಟ್ಟಷ್ಟೂ ಅದು ಬಲಿಯುತ್ತದೆ. ಶ್ರವಣ ಕುಂದಿದ್ದರೆ ಹಿಯರಿಂಗ್ ಏಡ್ ಮೊರೆತವನ್ನೂ ಹಿಂದಕ್ಕೆ ತಳ್ಳಬಹುದು. ನಿದ್ದೆಗೆಟ್ಟು ಆತಂಕ ಹೆಚ್ಚಿದರೆ ಯೋಚನೆ, ನಡವಳಿಕೆಯ ರೀತಿ ಬದಲಿಸಲು ಕಲಿಸುವ ಸಿಬಿಟಿ ಎಂಬ ಆಪ್ತಸಮಾಲೋಚನೆ ನೆರವಾಗುತ್ತದೆ. ಹೆದರಿ ದಿನವಿಡೀ ಪ್ಲಗ್ ಹಾಕಿಕೊಳ್ಳುವುದು ತಪ್ಪು, ಪಾತ್ರೆಯ ಸದ್ದೂ ಚುಚ್ಚುವಷ್ಟು ಕಿವಿ ನಾಜೂಕಾಗಿಬಿಡುತ್ತದೆ.

ಒಂದೇ ಕಿವಿಯಲ್ಲಿ ಮೊರೆತ, ನಾಡಿಯ ಬಡಿತದ ಜತೆ ಬಡಿಯುವ ಸದ್ದು, ತಲೆ ತಿರುಗುವುದು ಇದ್ದರೆ ತಡಮಾಡದೆ ತೋರಿಸಿ. ಕಿವಿ ಇದ್ದಕ್ಕಿದ್ದಂತೆ ಕೇಳಿಸದಾದರಂತೂ ಅದೇ ದಿನ ಆಸ್ಪತ್ರೆಗೆ ಹೋಗಿ. ಸ್ಟಿರಾಯ್ಡ್ ಚಿಕಿತ್ಸೆ ಬೇಗ ಶುರುವಾದಷ್ಟೂ ಫಲ ಹೆಚ್ಚು. ಆ ರಾತ್ರಿಯ ಆಟಕ್ಕೆ ಬದಲಿ ಕಲಾವಿದರನ್ನು ಕಳಿಸಿ.