ಬಿಸಿಯಾದಷ್ಟೂ ಇಳಿಯುತ್ತಿದ್ದ ರೆಸಿಸ್ಟೆನ್ಸ್

ನಾನು ಕೆಲಸ ಮಾಡಿದ್ದು 48 ವೋಲ್ಟಿನ ಸ್ಕೂಟರ್ ಮೋಟಾರಿನ ಮೇಲೆ. ಚಕ್ರದೊಳಗೇ ಕೂರುವ ಹಬ್ ಮೋಟಾರ್. ವೈಂಡಿಂಗ್, ಅಂದರೆ ಒಳಗೆ ಸುತ್ತಿದ ತಾಮ್ರದ ತಂತಿ, ಎಷ್ಟು ಬಿಸಿಯಾಗಿದೆ ಅಂತ ನೋಡೋಕೆ ಒಳಗೊಂದು ಸೆನ್ಸರ್ ಇತ್ತು. ಅದರ ಕೂದಲಿನಂಥ ವೈರು ಆಕ್ಸಲಿನ ತೂತಿನಿಂದ ಹೊರಗೆ ಬರಬೇಕು. ನಮ್ಮ ಗುಂಡಿ ರಸ್ತೆಗಳಲ್ಲಿ ಓಡಿ ಓಡಿ ಆ ವೈರೇ ಕಿತ್ತುಹೋಗುತ್ತಿತ್ತು. ಹಾಗಾದರೆ ಸೆನ್ಸರ್ರೇ ಬೇಡ, ಲೆಕ್ಕದಿಂದಲೇ ಬಿಸಿ ಕಂಡುಹಿಡಿಯೋಣ ಅಂತ ಹೊರಟೆ.

ತಾಮ್ರ ಒಂದು ಡಿಗ್ರಿ ಬಿಸಿಯಾದರೆ ಅದರ ರೆಸಿಸ್ಟೆನ್ಸ್ (ಕರೆಂಟಿಗೆ ಒಡ್ಡುವ ತಡೆ) ಸುಮಾರು ಶೇ. 0.39ರಷ್ಟು ಏರುತ್ತದೆ. ಮೋಟಾರಿಗೆ ಕೊಟ್ಟ ವೋಲ್ಟೇಜಿನಲ್ಲಿ ಒಂದಷ್ಟನ್ನು ರೆಸಿಸ್ಟೆನ್ಸ್ ನುಂಗುತ್ತದೆ, ದೊಡ್ಡ ಪಾಲು ತಿರುಗುವ ಮ್ಯಾಗ್ನೆಟ್ ಹುಟ್ಟಿಸುವ ಎದುರು ವೋಲ್ಟೇಜಿಗೆ ಹೋಗುತ್ತದೆ. ಕರೆಂಟೂ ವೇಗವೂ ಗೊತ್ತಿದ್ದರೆ ಉಳಿದದ್ದನ್ನು ಹಿಂದಕ್ಕೆ ಲೆಕ್ಕ ಹಾಕಬಹುದು.

ಮೊದಲು ಆಸೆಬುರುಕನ ಹಾಗೆ ಕೋನ, ವೇಗ, ಕರೆಂಟ್, ರೆಸಿಸ್ಟೆನ್ಸ್, ಮ್ಯಾಗ್ನೆಟ್ಟಿನ ಬಲ ಎಲ್ಲವನ್ನೂ ಒಂದೇ ಕಾಲ್ಮನ್ ಫಿಲ್ಟರಿಗೆ (ಗದ್ದಲದ ಅಳತೆಗಳಿಂದ ನಿಜವಾದ ಬೆಲೆ ಅಂದಾಜು ಮಾಡುವ ಲೆಕ್ಕಕ್ಕೆ) ತುಂಬಿದೆ. ಸೆಕೆಂಡಿಗೆ 10,000 ಸಲ ಓಡಬೇಕು, ಅಂದರೆ ಪ್ರತಿ ಸಲಕ್ಕೂ ಸಿಗುವುದು 100 ಮೈಕ್ರೋಸೆಕೆಂಡ್. ನಮ್ಮ ಚಿಪ್ಪಿಗೆ ಅದು ಆಗಲಿಲ್ಲ. ಆಮೇಲೆ ಯೋಚಿಸಿದೆ: ಕರೆಂಟ್ ಕಣ್ಣು ಮಿಟುಕಿಸುವಷ್ಟರಲ್ಲಿ ಬದಲಾಗುತ್ತದೆ ಸರಿ, ತಾಮ್ರ ಬಿಸಿಯಾಗೋಕೆ ನಿಮಿಷಗಳು ಬೇಕಲ್ವಾ? ಅದಕ್ಯಾಕೆ ಇಷ್ಟು ಅವಸರ? ರೆಸಿಸ್ಟೆನ್ಸನ್ನು ಬೇರೆ ತೆಗೆದು, ಸೆಕೆಂಡಿಗೆ 10 ಸಲ ಓಡುವ ಸಣ್ಣ ಲೀಸ್ಟ್ ಸ್ಕ್ವೇರ್ಸ್ ಲೆಕ್ಕಕ್ಕೆ (ಅಳತೆಗಳಿಗೆ ಅತಿ ಹತ್ತಿರ ಹೊಂದುವ ಬೆಲೆ ಹುಡುಕುವ ಲೆಕ್ಕ) ಒಪ್ಪಿಸಿದೆ.

ಸಂಖ್ಯೆ ಬಂತು, ಆದರೆ ವಿಚಿತ್ರವಾಗಿ ಬಂತು. 10 ಆಂಪ್ಸ್‌ಗೆ ಒಂದು ಫೇಸಿನ (ಮೋಟಾರಿನ ಮೂರು ಸುರುಳಿಗಳಲ್ಲಿ ಒಂದರ) ರೆಸಿಸ್ಟೆನ್ಸ್ 100 ಮಿಲಿಓಮ್ ಹತ್ತಿರ ತೋರಿಸಿತು. 40 ಆಂಪ್ಸ್ ಕೊಟ್ಟರೆ ಅದೇ ಅರವತ್ತೈದಕ್ಕೆ ಇಳಿಯಿತು. ಒಂದು ವಾರ ಫಿಲ್ಟರಿನ ತಿರುಪುಗಳನ್ನೇ ತಿರುಗಿಸುತ್ತಾ ಕೂತೆ. ಟೆಸ್ಟ್ ಬೆಂಚ್ ನೋಡಿಕೊಳ್ಳುತ್ತಿದ್ದ ಹುಡುಗ ಪರದೆ ನೋಡಿ, "ಸಾರ್, ಬಿಸಿ ಆದ್ರೆ ಏರಬೇಕಲ್ವಾ? ನಿಮ್ದು ಇಳೀತಿದೆ" ಅಂದ. ಹೌದಲ್ಲ!

ನಿಜವಾದ ಬೆಲೆ ಎಷ್ಟು ಅಂತ ಅವತ್ತೇ ಅಳೆದೆವು. ಇದನ್ನು ಮೊದಲ ದಿನವೇ ಮಾಡಬೇಕಿತ್ತು. ಇಷ್ಟು ಸಣ್ಣ ರೆಸಿಸ್ಟೆನ್ಸನ್ನು ಮಲ್ಟಿಮೀಟರಿನ ಓಮ್ ಗುಂಡಿ ನಂಬಿ ಅಳೆಯಬಾರದು. ಎರಡು ಫೇಸಿನ ನಡುವೆ 5 ಆಂಪ್ಸ್ ಡಿಸಿ ಹರಿಸಿ, ಟರ್ಮಿನಲ್ ಮೇಲೇ ಮೀಟರಿನ ವೈರಿನ ತುದಿ ಇಟ್ಟು ವೋಲ್ಟೇಜ್ ನೋಡಿದೆವು. 0.51 ವೋಲ್ಟ್. ಅಂದರೆ ಎರಡು ಫೇಸಿಗೆ 102, ಒಂದು ಫೇಸಿಗೆ 51 ಮಿಲಿಓಮ್.

ಹಾಗಾದರೆ ಉಳಿದ ಐವತ್ತು ಎಲ್ಲಿಂದ ಬಂತು? ನಮ್ಮ ಕಂಟ್ರೋಲರ್ ಫೇಸ್ ವೋಲ್ಟೇಜನ್ನು ಅಳೆಯುತ್ತಿರಲಿಲ್ಲ. ತಾನು ಎಷ್ಟು ಕೊಡು ಅಂತ ಹೇಳಿತ್ತೋ ಅಷ್ಟೇ ಮೋಟಾರಿಗೆ ಹೋಯಿತು ಅಂದುಕೊಂಡು ಲೆಕ್ಕ ಹಾಕುತ್ತಿತ್ತು. ಆದರೆ ಪ್ರತಿ ಫೇಸಿಗೂ ಕರೆಂಟ್ ಆನ್-ಆಫ್ ಮಾಡುವ ಸ್ವಿಚ್ಚುಗಳಾದ ಮೇಲಿನ ಕೆಳಗಿನ ಮಾಸ್ಫೆಟ್ ಎರಡೂ ಒಟ್ಟಿಗೆ ಆನ್ ಆದರೆ ಸುಟ್ಟುಹೋಗುತ್ತವೆ ಅಂತ ನಡುವೆ ಒಂದು ಮೈಕ್ರೋಸೆಕೆಂಡ್ ಎರಡನ್ನೂ ಆಫ್ ಇಟ್ಟಿರುತ್ತೇವೆ. ಡೆಡ್ ಟೈಮ್. ಸ್ವಿಚ್ಚಿನ ಒಂದು ಸುತ್ತಿನ 100 ಮೈಕ್ರೋಸೆಕೆಂಡಿನಲ್ಲಿ ಒಂದು ಹೋದರೆ ಶೇ. 1. 48 ವೋಲ್ಟಿನಲ್ಲಿ ಶೇ. 1 ಅಂದರೆ ಸುಮಾರು ಅರ್ಧ ವೋಲ್ಟ್. 10 ಆಂಪ್ಸ್‌ಗೆ ನಮ್ಮ ರೆಸಿಸ್ಟೆನ್ಸ್ ನುಂಗುವುದೂ ಅಷ್ಟೇ, ಅರ್ಧ ವೋಲ್ಟ್! ಕಾಣೆಯಾದ ಅರ್ಧ ವೋಲ್ಟನ್ನು ಲೆಕ್ಕ ಸೀದಾ ರೆಸಿಸ್ಟೆನ್ಸ್ ತಲೆಗೆ ಕಟ್ಟಿತ್ತು. ಬೇರೆ ಯಾರ ತಲೆಗೂ ಕಟ್ಟಲು ನಾನು ಅದಕ್ಕೆ ದಾರಿ ಬಿಟ್ಟಿರಲಿಲ್ಲ. ಕರೆಂಟ್ ಜಾಸ್ತಿಯಾದರೆ ಈ ಅರ್ಧ ವೋಲ್ಟಿನ ಪಾಲು ಕಡಿಮೆ, ಅದಕ್ಕೇ ಸಂಖ್ಯೆ ಇಳಿಯುತ್ತಿತ್ತು.

ಕರೆಂಟ್ ಯಾವ ದಿಕ್ಕಿಗಿದೆ ಅಂತ ನೋಡಿ ಆ ಅರ್ಧ ವೋಲ್ಟನ್ನು ಲೆಕ್ಕಕ್ಕೆ ಸೇರಿಸಿದೆ. ಕರೆಂಟ್ ಸೊನ್ನೆಯ ಹತ್ತಿರ ಇದ್ದಾಗ ದಿಕ್ಕು ಹೇಳೋದು ಕಷ್ಟ, ಅಲ್ಲಿ ಕೈ ಹಾಕಲಿಲ್ಲ.

ಇನ್ನೊಂದು ಏಟು ಆಮೇಲೆ ಬಿತ್ತು. ಹಳೆಯ ಅಳತೆಗಳನ್ನು ನಿಧಾನಕ್ಕೆ ಮರೆಯಲಿ ಅಂತ ಲೆಕ್ಕದಲ್ಲಿ ಒಂದು ಅಂಶ ಇಟ್ಟಿದ್ದೆ. ಮೋಟಾರನ್ನು ಲೋಡ್ ಇಲ್ಲದೆ ಸುಮ್ನೆ ತಿರುಗಲು ಬಿಟ್ಟು ಟೀಗೆ ಹೋದೆವು. ಕರೆಂಟ್ ಇಲ್ಲ, ಹೊಸದೇನೂ ತಿಳಿಯುತ್ತಿಲ್ಲ, ಹಳೆಯದು ಮಾತ್ರ ಮರೆತುಹೋಗುತ್ತಿದೆ. ವಾಪಸ್ ಬಂದು ಥ್ರಾಟಲ್ ತಿರುಗಿಸಿದರೆ ರೆಸಿಸ್ಟೆನ್ಸ್ ಮೈನಸ್‌ಗೆ ಹಾರಿತು. ಈಗ 20 ಆಂಪ್ಸ್‌ಗಿಂತ ಜಾಸ್ತಿ ಇದ್ದು, ವೇಗ ಕಡಿಮೆ ಇದ್ದಾಗ ಮಾತ್ರ ರೆಸಿಸ್ಟೆನ್ಸ್ ಕಲಿಯುತ್ತದೆ. ವೇಗ ಜಾಸ್ತಿ ಇದ್ದಾಗ ಮ್ಯಾಗ್ನೆಟ್ಟಿನ ಬಲವನ್ನು ಮಾತ್ರ.

ಕೊನೆಗೆ ವೈಂಡಿಂಗಿಗೆ ಥರ್ಮೋಕಪಲ್ (ಬಿಸಿ ಅಳೆಯುವ ತಂತಿ) ಅಂಟಿಸಿ ಹೋಲಿಸಿದೆವು. 27 ಡಿಗ್ರಿಯಲ್ಲಿ 51 ಇದ್ದದ್ದು ಲೋಡ್ ಕೊಟ್ಟ ಮೇಲೆ 62ಕ್ಕೆ ಏರಿತು. ಲೆಕ್ಕದ ಪ್ರಕಾರ 83 ಡಿಗ್ರಿ, ಥರ್ಮೋಕಪಲ್ ತೋರಿಸಿದ್ದು 79. ಉದ್ದ ಇಳಿಜಾರಿನಲ್ಲಿ ಥ್ರಾಟಲ್ ಬಿಟ್ಟಾಗ ಈಗಲೂ ಕೊನೆಯ ಸಂಖ್ಯೆಯನ್ನೇ ಹಿಡಿದುಕೊಂಡಿರುತ್ತೇವೆ, ಮುಂದಿನ ಏರು ಬರುವ ತನಕ.