ಮದ್ದೂರು ಬೈಪಾಸ್‌ನ ಚರಿತ್ರೆಯನ್ನು ನಾನು ಬರೆದ ಬಗೆ

ಬೆಂಗಳೂರು–ಮೈಸೂರು ದಶಪಥ ಹೆದ್ದಾರಿಯು 2023ರ ಮಾರ್ಚ್ 12ರಂದು ಮಂಡ್ಯದಲ್ಲಿ ಪ್ರಧಾನಿ ನರೇಂದ್ರ ಮೋದಿಯವರಿಂದ ಲೋಕಾರ್ಪಣೆಗೊಂಡಿತು. ಬಿಡದಿ, ರಾಮನಗರ–ಚನ್ನಪಟ್ಟಣ, ಮದ್ದೂರು, ಮಂಡ್ಯ ಮತ್ತು ಶ್ರೀರಂಗಪಟ್ಟಣಗಳ ಒಳಗೆ ಹೋಗದೆ ಹೊರಗಿನಿಂದ ಸುತ್ತಿ ಸಾಗುವ 5 ಬೈಪಾಸ್‌ಗಳು ಅದರಲ್ಲಿವೆ. ಮದ್ದೂರಿನ ಬೈಪಾಸ್ ಕುರಿತು ಬರೆಯಲು ಕುಳಿತಾಗ ನಾನು ಆ ಸಮಾರಂಭವನ್ನು ಕೊನೆಯ ಅಧ್ಯಾಯಕ್ಕೆ ಇಟ್ಟೆ. ಜಮೀನು ಬಿಟ್ಟುಕೊಟ್ಟವರ ಪಾಲಿಗೆ ರಸ್ತೆ ಹುಟ್ಟಿದ್ದು ಅವರ ಸರ್ವೆ ನಂಬರ್ ಅಧಿಸೂಚನೆಯಲ್ಲಿ ಅಚ್ಚಾದ ದಿನ.

ಆದುದರಿಂದ 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆಯಡಿ ಹೊರಡಿಸಿದ ಅಧಿಸೂಚನೆಗಳಿಂದಲೇ ಆರಂಭಿಸಿದೆ. ಕಲಂ 3ಎ ಭೂಸ್ವಾಧೀನದ ಉದ್ದೇಶವನ್ನು ಸಾರುತ್ತದೆ; ಆಕ್ಷೇಪಣೆಗೆ 21 ದಿನಗಳ ಅವಕಾಶವಿರುತ್ತದೆ; 3ಡಿ ಘೋಷಣೆ ಪ್ರಕಟವಾದೊಡನೆ ಜಮೀನು ಕೇಂದ್ರ ಸರ್ಕಾರದ ಒಡೆತನಕ್ಕೆ ಸೇರುತ್ತದೆ. ಇವುಗಳಲ್ಲಿನ ಸರ್ವೆ ನಂಬರ್‌ಗಳನ್ನು ಊರುವಾರು ಬರೆದುಕೊಂಡು ಗ್ರಾಮ ನಕಾಶೆಯ ಮೇಲೆ ಪೆನ್ಸಿಲಿನಿಂದ ಗುರುತಿಸುತ್ತಾ ಹೋದಂತೆ ರಸ್ತೆಯ ಜಾಡು ತಾನಾಗಿ ಮೂಡಿತು. ಯಾವ ಹಿಸ್ಸಾ (ಸರ್ವೆ ನಂಬರಿನ ಉಪಭಾಗ) ಎರಡು ಹೋಳಾಯಿತು, ಯಾರ ಹೆಸರಿನಲ್ಲಿ ಎಷ್ಟು ಗುಂಟೆ ಉಳಿಯಿತು ಎಂಬುದನ್ನು ಪಹಣಿಯಲ್ಲಿ ಮಾಲೀಕರ ಹೆಸರಿರುವ 9ನೇ ಕಾಲಂ ಮತ್ತು ಇತರ ಹಕ್ಕು, ಋಣಗಳಿರುವ 11ನೇ ಕಾಲಂಗಳನ್ನು ಮ್ಯುಟೇಶನ್ (ಹಕ್ಕು ಬದಲಾವಣೆ) ದಾಖಲೆಯೊಡನೆ ಹೋಲಿಸಿ ತಿಳಿದುಕೊಂಡೆ. ಈ ಕೆಲಸ ನಿಧಾನದ್ದು, ಆದರೆ ಇದಿಲ್ಲದೆ ಬರೆದ ರಸ್ತೆಯ ಚರಿತ್ರೆಯನ್ನು ನಾನು ನಂಬುವುದಿಲ್ಲ.

ದಾಖಲೆಗಳು ಹೇಳದೆ ಬಿಡುವುದು ನೀರಿನ ವಿಷಯವನ್ನು. ವಿಶ್ವೇಶ್ವರಯ್ಯ ನಾಲೆಯನ್ನು ನಂಬಿ ಭತ್ತ, ಕಬ್ಬು ಬೆಳೆಯುವ ಈ ಸೀಮೆಯಲ್ಲಿ ಏರಿಯಂತೆ ಎದ್ದು ನಿಂತ ರಸ್ತೆಯ ಕೆಳಗೆ ಗದ್ದೆಯ ಕಾಲುವೆ ಎಲ್ಲಿ ದಾಟುತ್ತದೆ, ಮೋರಿಯ ಮಟ್ಟ ಸರಿಯಿದೆಯೇ ಎಂಬುದನ್ನು ನೀರು ಕಟ್ಟುವ ರೈತರೇ ಹೇಳಬೇಕು. ಆದ್ದರಿಂದ ನಕಾಶೆಯನ್ನು ಹಿಡಿದು ಅವರೊಂದಿಗೆ ಸರ್ವಿಸ್ ರಸ್ತೆಯಲ್ಲಿ ನಡೆದೆ. 2023ರ ಆಗಸ್ಟ್ 1ರಿಂದ ಮುಖ್ಯ ಪಥದಲ್ಲಿ ದ್ವಿಚಕ್ರ ವಾಹನ, ಆಟೋ, ಟ್ರ್ಯಾಕ್ಟರ್‌ಗಳಿಗೆ ಪ್ರವೇಶವಿಲ್ಲದ ಕಾರಣ, ಕಬ್ಬಿನ ಗಾಡಿ ಯಾವ ಅಂಡರ್‌ಪಾಸ್‌ ಹಿಡಿಯುತ್ತದೆ ಎಂಬುದನ್ನೂ ಗುರುತು ಹಾಕಿಕೊಂಡೆ.

ಊರೊಳಗಿನ ಹಳೆಯ ರಸ್ತೆ ಈ ಚರಿತ್ರೆಯ ಅರ್ಧಭಾಗ. ಮದ್ದೂರು ವಡೆಯ ಹೋಟೆಲಿನವರನ್ನು ಲಾಭವೋ ನಷ್ಟವೋ ಎಂದು ನೇರವಾಗಿ ಕೇಳಿದರೆ ದೊರೆಯುವುದು ಬರಿಯ ಅಭಿಪ್ರಾಯ. ಮೊದಲು ಯಾವ ಹೊತ್ತಿಗೆ ಒಲೆ ಹಚ್ಚುತ್ತಿದ್ದಿರಿ, ಈಗ ಯಾವ ಹೊತ್ತಿಗೆ ಹಚ್ಚುತ್ತೀರಿ, ಯಾವ ಬಸ್ಸು ಈಗಲೂ ಊರೊಳಗೆ ಬಂದು ನಿಲ್ಲುತ್ತದೆ ಎಂದು ಕೇಳಿದಾಗ ಅವರು ಎಣಿಸಿ, ನೆನೆದು, ಪಕ್ಕದ ಅಂಗಡಿಯವರನ್ನೂ ಕರೆದು ಉತ್ತರಿಸಿದರು. ಅವರ ಮಾತುಗಳನ್ನು ನಾನು 3ಡಿ ಘೋಷಣೆಯ ಅಧ್ಯಾಯದ ಬೆನ್ನಿಗೇ ಇಟ್ಟಿದ್ದೇನೆ.