ಕತ್ತರಿಸಿ ತನ್ನಿ ಕಿತ್ತಳೆ, ಅಂದೇ ಮಾಡಿ ಕೇಕ್

ಸುಗ್ಗಿ ಹಬ್ಬ ಪುತ್ತರಿ ಹತ್ತಿರ ಬರುತ್ತಿದ್ದಂತೆ ಕೊಡಗಿನ ಕಾಫಿ ತೋಟಗಳಲ್ಲಿ ಕಿತ್ತಳೆ ಬಣ್ಣ ತಿರುಗುತ್ತದೆ. ಮಳೆಗಾಲದಲ್ಲೂ ಒಂದು ಬೆಳೆ ಸಿಗುತ್ತದೆ, ಆದರೆ ಕೇಕ್‌ಗೆ ನವೆಂಬರ್‌ನಿಂದ ಸಿಗುವ ಚಳಿಗಾಲದ ಹಣ್ಣೇ ಬೇಕು. ರಾತ್ರಿಯ ಚಳಿ ಹೆಚ್ಚಿದಷ್ಟೂ ಸಿಪ್ಪೆಗೆ ಬಣ್ಣ ಏರುತ್ತದೆ.

ಹಾಗೆಂದು ಬಣ್ಣವೊಂದನ್ನೇ ನಂಬಬೇಡಿ. 2006ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಪಡೆದ ಕೊಡಗಿನ ಕಿತ್ತಳೆ ಹಣ್ಣಾದ ಮೇಲೂ ಹಸಿರು ಮಿಶ್ರಿತ ಹಳದಿಯಾಗಿಯೇ ಇರಬಹುದು. ನಾಗಪುರದ ಹಣ್ಣಿನಷ್ಟು ಸಡಿಲ ಸಿಪ್ಪೆ ಇದರದ್ದಲ್ಲ. ಸಿಹಿಯ ಜೊತೆ ಸ್ವಲ್ಪ ಹುಳಿಯೂ ಇರುತ್ತದೆ. ಕೇಕ್‌ಗೆ ರುಚಿ ಕೊಡುವುದೇ ಆ ಹುಳಿ. ಅಂಗೈಯಲ್ಲಿಟ್ಟು ತೂಗಿ ನೋಡಿ, ಗಾತ್ರಕ್ಕಿಂತ ಭಾರ ಎನಿಸಿದರೆ ರಸ ತುಂಬಿದೆ ಎಂದರ್ಥ. ಒತ್ತಿದಾಗ ಸಿಪ್ಪೆಯೊಳಗೆ ಟೊಳ್ಳು ಎನಿಸಿದರೆ ಹಣ್ಣು ಬಲಿತು ಹೋಗಿದೆ. ಅನುಮಾನವಿದ್ದರೆ ಒಂದನ್ನು ಅಲ್ಲೇ ಸುಲಿದು ತಿಂದು ನೋಡುವುದೇ ಸರಿ. ಬಾಳೆ, ಸಪೋಟಾದ ಹಾಗೆ ಕಿತ್ತಳೆಯನ್ನು ಮನೆಯಲ್ಲಿಟ್ಟು ಹಣ್ಣು ಮಾಡಲಾಗದು. ಗಿಡದಲ್ಲಿ ಎಷ್ಟು ಸಿಹಿಯಾಗಿತ್ತೋ ಅಷ್ಟೇ.

ಇಬ್ಬನಿ ಆರಿದ ಮೇಲೆ ಕೊಯ್ಯಿರಿ. ಒದ್ದೆ ಹಣ್ಣಿನ ಸಿಪ್ಪೆ ಸ್ವಲ್ಪ ಒತ್ತಿದರೂ ಕಲೆ ಬೀಳುತ್ತದೆ. ಜಗ್ಗಿ ಕೀಳಲೇಬಾರದು. ಹಾಗೆ ಕಿತ್ತರೆ ತೊಟ್ಟಿನ ಬಳಿ ಸಿಪ್ಪೆ ಹರಿದು, ಅಲ್ಲಿಂದಲೇ ಕೊಳೆ ಶುರುವಾಗುತ್ತದೆ. ಕತ್ತರಿಯಿಂದ ತೊಟ್ಟನ್ನು ಹಣ್ಣಿಗೆ ತಾಗಿದಂತೆ ಗಿಡ್ಡಕ್ಕೆ ಕತ್ತರಿಸಿ. ಉದ್ದ ಬಿಟ್ಟರೆ ಬುಟ್ಟಿಯಲ್ಲಿ ಪಕ್ಕದ ಹಣ್ಣನ್ನು ಚುಚ್ಚುತ್ತದೆ.

ಕೇಕ್‌ಗೆ ಐದಾರು ಹಣ್ಣು ಸಾಕು. ಜೊತೆಗೆ 200 ಗ್ರಾಂ ಮೈದಾ, 180 ಗ್ರಾಂ ಸಕ್ಕರೆ, 3 ಮೊಟ್ಟೆ, ಅರ್ಧ ಕಪ್ ವಾಸನೆಯಿಲ್ಲದ ಎಣ್ಣೆ, 2 ಟೀ ಚಮಚ ಬೇಕಿಂಗ್ ಪೌಡರ್, ಚಿಟಿಕೆ ಉಪ್ಪು.

ಮೊದಲ ಕೆಲಸ ಸಿಪ್ಪೆಯದು. ಮೂರು ಹಣ್ಣು ತೊಳೆದು ಒರೆಸಿ, ಸುಲಿಯುವ ಮೊದಲೇ ಸಣ್ಣ ತುರಿಮಣೆಯಲ್ಲಿ ಮೇಲ್ಪದರವನ್ನಷ್ಟೇ ತುರಿಯಿರಿ. ಪರಿಮಳದ ಎಣ್ಣೆ ಇರುವುದು ಅದರಲ್ಲಿ. ಬಿಳಿ ಭಾಗ ಬಂತೆಂದರೆ ಕಹಿ. ತುರಿಯನ್ನು ಸಕ್ಕರೆಗೆ ಹಾಕಿ ಬೆರಳತುದಿಯಿಂದ ತಿಕ್ಕಿ. ಸಕ್ಕರೆ ಒದ್ದೆ ಮರಳಿನಂತಾಗಿ, ಹಳದಿಗೆ ತಿರುಗಿ, ಅಡುಗೆಮನೆಯೆಲ್ಲ ಘಮ್ಮೆನ್ನಬೇಕು. ಏಲಕ್ಕಿ, ವೆನಿಲ್ಲಾ ಎರಡೂ ಬೇಡ. ಅವು ಕಿತ್ತಳೆಯ ಪರಿಮಳವನ್ನು ನುಂಗಿಬಿಡುತ್ತವೆ.

ರಸ ಹಿಂಡುವುದು ಇದಾದ ಮೇಲೆಯೇ. ಹಿಂಡಿಟ್ಟ ಕಿತ್ತಳೆ ರಸ ಹೊತ್ತು ಕಳೆದಂತೆ ಕಹಿಯಾಗುತ್ತದೆ, ಬೀಜ ಜಜ್ಜಿದರಂತೂ ಇನ್ನೂ ಬೇಗ. ಹಾಗಾಗಿ ಮಿಕ್ಸಿಗೆ ಹಾಕದೆ ಕೈಯಲ್ಲೇ ಹಿಂಡಿ ಸೋಸಿ. ಅರ್ಧ ಕಪ್ ಕೇಕ್‌ಗೆ, ಕಾಲು ಕಪ್ ಮೇಲೆ ಸುರಿಯಲು.

ಸಕ್ಕರೆಗೆ ಮೊಟ್ಟೆ ಒಡೆದು ಹಾಕಿ ನೊರೆ ಬರುವಂತೆ ಕಡೆಯಿರಿ. ಎಣ್ಣೆ, ರಸ ಸೇರಿಸಿ. ಮೈದಾ, ಬೇಕಿಂಗ್ ಪೌಡರ್, ಉಪ್ಪನ್ನು ಜರಡಿ ಹಿಡಿದು ಹಾಕಿ, ಒಣಹಿಟ್ಟು ಕಾಣದಷ್ಟು ಮಾತ್ರ ಕಲಸಿ. ಹೆಚ್ಚು ಕಲಸಿದರೆ ಕೇಕ್ ಗಟ್ಟಿ. ಎಣ್ಣೆ ಸವರಿದ 20 ಸೆಂ.ಮೀ. ಅಗಲದ ಟಿನ್‌ಗೆ ಸುರಿದು, ಮೊದಲೇ ಬಿಸಿ ಮಾಡಿಟ್ಟ ಓವನ್‌ನಲ್ಲಿ 180 ಡಿಗ್ರಿಯಲ್ಲಿ ಸುಮಾರು 40 ನಿಮಿಷ ಬೇಯಿಸಿ. ಓವನ್ ಇಲ್ಲದಿದ್ದರೆ ದಪ್ಪ ತಳದ ದೊಡ್ಡ ಪಾತ್ರೆಗೆ ಪುಡಿ ಉಪ್ಪು ಹರಡಿ, ಸ್ಟ್ಯಾಂಡ್ ಇಟ್ಟು, ಮುಚ್ಚಿ ಹತ್ತು ನಿಮಿಷ ಕಾಯಿಸಿ. ಟಿನ್ ಅದರೊಳಗೆ ಇಳಿಸಿ ಸಣ್ಣ ಉರಿಯಲ್ಲಿ ಓವನ್‌ಗಿಂತ ಹತ್ತು ನಿಮಿಷ ಹೆಚ್ಚು ಕೊಡಿ. ನಡುವಿಗೆ ಚುಚ್ಚಿದ ಕಡ್ಡಿಗೆ ಹಿಟ್ಟು ಅಂಟದಿದ್ದರೆ ಬೆಂದಿದೆ.

ಉಳಿಸಿದ ರಸಕ್ಕೆ ಎರಡು ಚಮಚ ಸಕ್ಕರೆ ಹಾಕಿ, ಕರಗುವಷ್ಟು ಮಾತ್ರ ಬಿಸಿ ಮಾಡಿ. ಬಿಸಿ ಕೇಕಿಗೆ ಅಲ್ಲಲ್ಲಿ ಚುಚ್ಚಿ, ಚಮಚದಲ್ಲಿ ನಿಧಾನಕ್ಕೆ ಸುರಿಯಿರಿ. ಪೂರ್ತಿ ಆರಿದ ಮೇಲೆ ಕೊಯ್ಯಿರಿ. ಮರುದಿನಕ್ಕೆ ರುಚಿ ಇನ್ನೂ ಹದವಾಗುತ್ತದೆ. ತುರಿಯದೆ ಉಳಿದ ಹಣ್ಣುಗಳ ಸಿಪ್ಪೆಯನ್ನು ಎಸೆಯಬೇಡಿ, ಸಣ್ಣಗೆ ಹೆಚ್ಚಿ ಹುಣಸೆಹುಳಿ, ಬೆಲ್ಲ ಹಾಕಿದರೆ ರಾತ್ರಿಯ ಅನ್ನಕ್ಕೆ ಗೊಜ್ಜಾಯಿತು.